ಟ್ರಂಪೆಟ್ ಪೆಟ್ಟಿಗೆಯಲ್ಲಿದ್ದ ಹಲ್ಲು

ನಗರಸಭೆಯ ಬ್ಯಾಂಡಿನಲ್ಲಿ ಮೊದಲ ಟ್ರಂಪೆಟ್ ಊದುತ್ತಿದ್ದವನನ್ನು ಊರೆಲ್ಲ ಊದಣ್ಣ ಎಂದೇ ಕರೆಯುತ್ತಿತ್ತು. ಹೆಂಡತಿ ಸಿಟ್ಟು ಬಂದಾಗ ಮಾತ್ರ ಹಾಗೆ ಕರೆಯುತ್ತಿದ್ದಳು, ಅಂದರೆ ವಾರಕ್ಕೆ ನಾಲ್ಕು ದಿನ. ಐವತ್ತೊಂದು ವರ್ಷದ ತೆಳ್ಳನೆಯ ಆಸಾಮಿ. ಎದೆ ಮಾತ್ರ ಅಗಲ. ನಕ್ಕರೆ ತುಟಿ ಬಿಚ್ಚುತ್ತಿರಲಿಲ್ಲ, ಮೂಗಿನಲ್ಲೇ ನಗುತ್ತಿದ್ದ. ಜನ ಅದನ್ನು ಗಾಂಭೀರ್ಯ ಎಂದುಕೊಂಡಿದ್ದರು. ಪಾಪ, ಒಳಗಿನ ಕಥೆ ಅವರಿಗೇನು ಗೊತ್ತು.

ಕಸದ ಲಾರಿಗಳನ್ನು ನಿಲ್ಲಿಸುವ ಶೆಡ್ಡಿನ ಹಿಂದೆ ಬ್ಯಾಂಡಿನ ಕೋಣೆ. ಹನ್ನೆರಡು ಮಡಚುವ ಕುರ್ಚಿ, ಒಂದು ಕಪಾಟು, ಬಾಗಿಲು ಸರಿಯಾಗಿ ಮುಚ್ಚದ ಕಿಟಕಿ. ಬೆಳಿಗ್ಗೆ ಅಲ್ಲಿ ಅಭ್ಯಾಸ, ಭಾನುವಾರ ಸಂಜೆ ಪಾರ್ಕಿನಲ್ಲಿ ಒಂದೂವರೆ ಗಂಟೆಯ ಕಾರ್ಯಕ್ರಮ. ಕೊನೆಯ ಹಾಡು ಮುಗಿಯುವಾಗ ಉಳಿದವರೆಲ್ಲ ಸುಮ್ಮನಾಗಿ ಮೊದಲ ಟ್ರಂಪೆಟ್ ಒಂದೇ ಒಂದು ಮೇಲಿನ ಸ್ವರವನ್ನು ಹಿಡಿದು ನಿಲ್ಲಬೇಕು. ಆ ಸ್ವರ ಕೇಳಿದ ಮೇಲೇ ಕಾವಲುಗಾರ ಗೇಟು ಹಾಕಲು ಏಳುತ್ತಿದ್ದದ್ದು. ಊದಣ್ಣ ಅದನ್ನು ಇಪ್ಪತ್ನಾಲ್ಕು ವರ್ಷ ಹಿಡಿದಿದ್ದ. ಒಂದು ಭಾನುವಾರವೂ ಒಡೆದಿರಲಿಲ್ಲ.

ಅವನಿಗಿಂತ ಮೊದಲು ಅದನ್ನು ಹಿಡಿಯುತ್ತಿದ್ದವನು ಅವನ ಗುರು. ಮುಂದಿನ ಹಲ್ಲು ಬಿದ್ದುಹೋದ ಮೇಲೆ ಆತನ ಕೈಗೆ ಎರಡು ದೊಡ್ಡ ಹಿತ್ತಾಳೆ ತಾಳ ಕೊಟ್ಟು ಹಿಂದಿನ ಸಾಲಿಗೆ ಕಳಿಸಿದ್ದರು. ಅಂದಿನಿಂದ ಆತ ತಾಳದಯ್ಯ. ಬ್ಯಾಂಡಿನಲ್ಲಿ ಅದೊಂದು ಕಾಯಂ ನಿಯಮ: ಊದಲಾಗದವನನ್ನು ಮನೆಗೆ ಕಳಿಸುವುದಿಲ್ಲ, ತಾಳ ಹಿಡಿಸುತ್ತಾರೆ. ಇಡೀ ಸಂಜೆಗೆ ಮೂವತ್ತೋ ನಲವತ್ತೋ ಸಲ, ಕೊನೆಯದು ಆ ಮೇಲಿನ ಸ್ವರದ ಬೆನ್ನಿಗೇ, ಝಣ್ ಎನ್ನಿಸಿದರೆ ಆಯಿತು. ಮೊದಲ ಸಾಲಿನಲ್ಲಿ ಕೂತವರಿಗೆ ಅದು ದಯೆ, ಹಿಂದಿನ ಸಾಲಿನಲ್ಲಿ ನಿಂತವನಿಗೆ ಏನೆಂದು ಅವನನ್ನೇ ಕೇಳಬೇಕು.

ತಾಳದಯ್ಯ ಒಂದು ದಿನ ಊದಣ್ಣನನ್ನು ಮೂಲೆಗೆ ಕರೆದು ಹೇಳಿದ್ದ. "ನೋಡಪ್ಪಾ, ಈಗ ನಿಂಗೆ ಇಪ್ಪತ್ತೇಳು. ಹಲ್ಲು ಗಟ್ಟಿ ಇರೋವಾಗ್ಲೇ ಹೋಗಿ ಪೂರ್ತಿ ಬಾಯಿದು ಅಚ್ಚು ತೆಗೆಸಿಟ್ಕೊ. ನಾಳೆ ಹಲ್ಲು ಹೋದ್ರೂ ಅದನ್ನ ನೋಡ್ಕೊಂಡು ಹಾಗೇ ಕಟ್ಟಿಕೊಡ್ತಾರೆ. ನಾನು ತೆಗೆಸ್ಲಿಲ್ಲ. ಕಟ್ಟಿಸಿಕೊಂಡ ಹಲ್ಲು ಚೆಂದ ಇದೆ, ನನ್ನದಲ್ಲ."

ಊದಣ್ಣ ಮರುದಿನವೇ ಹೋಗಿ ತೆಗೆಸಿದ. ಮೇಲಿನ ಸಾಲು, ಕೆಳಗಿನ ಸಾಲು, ಎರಡು ಪ್ಲಾಸ್ಟರಿನ ಅಚ್ಚು. ಹಳೆಯ ಬನಿಯನ್ನಿನಲ್ಲಿ ಸುತ್ತಿ ಟ್ರಂಪೆಟ್ ಪೆಟ್ಟಿಗೆಯಲ್ಲಿ ಎಣ್ಣೆ ಬಾಟಲಿಯ ಪಕ್ಕ ಇಟ್ಟ. ಎಲ್ಲಿ ಹೋದರೂ ಅವನ ಹಲ್ಲು ಎರಡು ಜೊತೆ ಹೋಗುತ್ತಿತ್ತು, ಒಂದು ಬಾಯಲ್ಲಿ, ಒಂದು ಪೆಟ್ಟಿಗೆಯಲ್ಲಿ.

ಇಷ್ಟು ಮುಂದಾಲೋಚನೆಯ ಮನುಷ್ಯ ಮೂವತ್ತನೇ ವರ್ಷದಲ್ಲಿ ಒಂದು ಎಡವಟ್ಟು ಮಾಡಿಕೊಂಡ. ವಸಡಿನಲ್ಲಿ ರಕ್ತ ಬರುತ್ತದೆಂದು ಹಲ್ಲಿನ ಆಸ್ಪತ್ರೆಗೆ ಹೋಗಿ ಕ್ಲೀನ್ ಮಾಡಿಸಿದ. ಹಲ್ಲಿನ ಬುಡದಲ್ಲಿ ಪಾಚಿ ಗಟ್ಟಿಯಾಗಿ ಕಲ್ಲು ಕಟ್ಟಿತ್ತು. ಸಣ್ಣ ಯಂತ್ರ ಹಿಡಿದು ಅದನ್ನೆಲ್ಲ ಉದುರಿಸಿದರು. ಬಾಯಿ ಹಗುರಾಯಿತು. ಆದರೆ ಭಾನುವಾರ ಕೊನೆಯ ಸ್ವರ ಹಿಡಿದರೆ ಸ್ವರದ ಪಕ್ಕದಲ್ಲಿ ಸುಸ್ ಎಂದು ಗಾಳಿಯೂ ಕೇಳಿತು. ಮೊದಲು ಕಲ್ಲು ಮುಚ್ಚಿಕೊಂಡಿದ್ದ ಹಲ್ಲಿನ ಸಂದುಗಳೆಲ್ಲ ಈಗ ಬಯಲಾಗಿದ್ದವು. ಸ್ವರ ಒಡೆಯಲಿಲ್ಲ, ನಿಜ. ಆಗಿನ ಬ್ಯಾಂಡ್ ಮಾಸ್ಟರ್ ಹುಬ್ಬು ಏರಿಸಿ ಒಮ್ಮೆ ನೋಡಿದ, ಅಷ್ಟೇ. ಆ ಹುಬ್ಬು ಊದಣ್ಣನ ನಿದ್ದೆ ಕೆಡಿಸಿತು. ಹದಿನೈದು ದಿನಕ್ಕೆ ನಾದ ಸರಿಹೋಯಿತು. ಕಲ್ಲು ಮತ್ತೆ ಕಟ್ಟಿಕೊಂಡಿತು, ಅದಕ್ಕೇ ಸರಿಹೋಯಿತು ಎಂದು ಅವನೇ ತೀರ್ಮಾನಿಸಿದ. ಯಾರನ್ನೂ ಕೇಳಲಿಲ್ಲ. ಅವತ್ತೇ ಶಪಥ ಮಾಡಿದ, ಇನ್ನು ಹಲ್ಲಿನ ಕುರ್ಚಿ ಹತ್ತುವುದಿಲ್ಲ ಎಂದು.

ಶಪಥ ತನ್ನ ಮಟ್ಟಿಗೆ ಇಟ್ಟುಕೊಂಡಿದ್ದರೆ ಒಂದು ಮಾತು. ಈ ಮಹಾನುಭಾವ ಟ್ರಂಪೆಟ್ ಕಲಿಯಲು ಬಂದವರಿಗೆಲ್ಲ ಮೊದಲ ಪಾಠವೇ ಅದನ್ನು ಮಾಡಿದ. "ಗೋಡೆ ಕಲ್ಲಿನ ಸಂದಿಗೆ ಗಾರೆ ತುಂಬ್ತಾರಲ್ಲ, ಹಾಗೆ ಇದು. ಕಿತ್ತು ಹಾಕಿದ್ರೆ ಗಾಳಿ ನುಗ್ಗುತ್ತೆ. ಬ್ರಶ್ ಮಾಡಿ, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ, ಡಾಕ್ಟ್ರ ಸಹವಾಸಕ್ಕೆ ಹೋಗ್ಬೇಡಿ." ಕಲಿತವರಲ್ಲಿ ಅವನ ಮಗಳೂ ಒಬ್ಬಳು. ಅವಳ ಹತ್ತೊಂಬತ್ತನೇ ಹುಟ್ಟುಹಬ್ಬಕ್ಕೆ ಅಪ್ಪ ಕೊಟ್ಟ ಉಡುಗೊರೆ ಅವಳದೇ ಹಲ್ಲಿನ ಅಚ್ಚು. ಬೇರೆ ಮನೆಯಲ್ಲಾಗಿದ್ದರೆ ಮಗಳು ಮುಖ ಊದಿಸಿಕೊಳ್ಳುತ್ತಿದ್ದಳು. ಇವಳು ಅದನ್ನು ಹತ್ತಿಯಲ್ಲಿ ಸುತ್ತಿ ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡಳು. ಇಪ್ಪತ್ತೊಂದಕ್ಕೆ ಅದೇ ಬ್ಯಾಂಡಿನಲ್ಲಿ ಎರಡನೇ ಟ್ರಂಪೆಟ್ ಆದಳು.

ಶಪಥ ಮಾಡಿದ ಮೇಲಿನ ಇಪ್ಪತ್ತೊಂದು ವರ್ಷ ಅವನ ಬಾಯಿ ಸುಮ್ಮನೆ ಕೂತಿರಲಿಲ್ಲ. ಮೊದಲು ಬ್ರಶ್ಶಿಗೆ ರಕ್ತ, ಆಮೇಲೆ ಬಾಯಿಂದ ವಾಸನೆ, ಆಮೇಲೆ ವಸಡು ಹಿಂದೆ ಸರಿದು ಹಲ್ಲು ಉದ್ದವಾಗಿ ಕಾಣತೊಡಗಿದವು. ಹೆಂಡತಿ ಮಾತಾಡುವಾಗ ಅರ್ಧ ಅಡಿ ದೂರ ನಿಲ್ಲತೊಡಗಿದಳು. "ರೀ, ಒಂದ್ಸಲ ತೋರಿಸ್ಕೊಂಡು ಬನ್ನಿ, ನಿಮ್ಮ ದಮ್ಮಯ್ಯ," ಎಂದು ಹೇಳಿ ಹೇಳಿ ಅವಳ ನಾಲಿಗೆ ಸವೆಯಿತು. ಇವನು ಲವಂಗದೆಣ್ಣೆ ಹಚ್ಚಿದ, ಪಟಿಕದ ನೀರು ಮುಕ್ಕಳಿಸಿದ. ನೋವಿಲ್ಲವಲ್ಲ, ಮತ್ತೇನು ಎಂದ. ವಸಡಿನ ರೋಗದ ಹುನ್ನಾರವೇ ಅದು. ಹುಳುಕು ಹಲ್ಲಿನ ಹಾಗೆ ಕಿರುಚಿ ಕರೆಯುವುದಿಲ್ಲ, ಒಳಗೊಳಗೇ ಬುಡ ತಿನ್ನುತ್ತದೆ.

ಒಂದು ಬೆಳಿಗ್ಗೆ ಅಭ್ಯಾಸಕ್ಕೆ ಕೂತು ಮೌತ್‌ಪೀಸ್ ತುಟಿಗೊತ್ತಿದಾಗ ಮೇಲಿನ ಮುಂದಿನ ಹಲ್ಲು ಹಿಂದಕ್ಕೆ ಸರಿಯಿತು. ಬಾಗಿಲಿನ ಚಿಲಕ ಅಲ್ಲಾಡಿದ ಹಾಗೆ. ಊದಣ್ಣ ನಾಲಿಗೆ ತುದಿಯಿಂದ ಮುಟ್ಟಿ ನೋಡಿದ. ಪಕ್ಕದ್ದೂ ಅಲ್ಲಾಡಿತು. ಅವನು ಸುಮ್ಮನೆ ಟ್ರಂಪೆಟ್ ಒರೆಸುತ್ತಾ ಕೂತ. ಹಿಂದಿನ ಸಾಲಿನಿಂದ ತಾಳದಯ್ಯ ಅವನನ್ನೇ ನೋಡುತ್ತಿದ್ದ.

ಅಂತೂ ಶಪಥ ಮುರಿದು ಕುರ್ಚಿ ಹತ್ತಿದ. ಹೊರಗೆ ಕಾಯುತ್ತಿದ್ದವರಲ್ಲಿ ಒಬ್ಬನ ಕೆನ್ನೆ ಊದಿಕೊಂಡಿತ್ತು, ಬೇರಿನ ಚಿಕಿತ್ಸೆಗೆ ಮೂರನೇ ಸಲ ಬಂದಿದ್ದ. ಹುಳುಕಿಗೆ ಸಿಮೆಂಟು ತುಂಬಿಸಿಕೊಂಡ ಹೆಂಗಸು ಮರಗಟ್ಟಿದ ತುಟಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅವರನ್ನು ಕಂಡು ಊದಣ್ಣನಿಗೆ ಹೊಟ್ಟೆಕಿಚ್ಚಾಯಿತು. ಅವರ ಹಲ್ಲು ಉಳಿಯುವ ಹಲ್ಲು.

ಹಲ್ಲಿನ ಡಾಕ್ಟರಮ್ಮ ಸಣ್ಣ ಪ್ರಾಯದವಳು, ಮಾತು ಕಡಿಮೆ. ಎಕ್ಸ್‌ರೇ ಬೆಳಕಿಗೆ ಹಿಡಿದಳು. "ಹಲ್ಲು ಚೆನ್ನಾಗೇ ಇವೆ. ಹಿಡ್ಕೊಂಡಿರೋ ಮೂಳೆ ಕರಗಿಹೋಗಿದೆ. ಮೇಲಿನ ನಾಲ್ಕು ಉಳಿಯಲ್ಲ."

"ತಂತಿ ಹಾಕಿ ಒಂದಕ್ಕೊಂದು ಕಟ್ಟೋದು ಅಂತ ಏನೋ ಇದೆಯಂತಲ್ಲ, ಡಾಕ್ಟರಮ್ಮಾ?"

"ಇದೆ. ಗಟ್ಟಿ ಇರೋ ಹಲ್ಲಿಗೆ ಸಡಿಲ ಹಲ್ಲು ಕಟ್ಟಬಹುದು. ನಿಮ್ಮದ್ರಲ್ಲಿ ಯಾವುದಕ್ಕೆ ಕಟ್ಟಲಿ? ಪಕ್ಕದವೂ ಅಷ್ಟಕ್ಕಷ್ಟೇ. ಅದಕ್ಕೇ ಆಚೀಚೆ ಹಲ್ಲಿಗೆ ಕೂರಿಸೋ ಬ್ರಿಡ್ಜೂ ಆಗಲ್ಲ. ಮೂಳೆಗೆ ಸ್ಕ್ರೂ ಹಾಕಿ ಹಲ್ಲು ಕೂರಿಸೋಣ ಅಂದ್ರೆ ಮೂಳೆ ಬೇಕಲ್ಲ. ಬೇರೆ ಕಡೆಯಿಂದ ಮೂಳೆ ತುಂಬಿ, ಅದು ಕೂಡೋದಕ್ಕೆ ಕಾಯ್ಬೇಕು, ಹೆಚ್ಚುಕಮ್ಮಿ ಒಂದು ವರ್ಷ. ಅಷ್ಟಾದ್ರೂ ನಿಮ್ಮ ವಾದ್ಯದ ಒತ್ತಡ ತಡೆಯುತ್ತೆ ಅಂತ ನಾನು ಭರವಸೆ ಕೊಡಲ್ಲ. ಸದ್ಯಕ್ಕೆ ಬೇಕಾದಾಗ ತೆಗೆದು ಮತ್ತೆ ಹಾಕ್ಕೊಳ್ಳೋ ಹಲ್ಲಿನ ಪ್ಲೇಟ್ ಮಾಡ್ಸೋಣ. ಕೆಳಗಿನವಕ್ಕೆ ವಸಡು ಬಿಡಿಸಿ ಒಳಗೆ ಕ್ಲೀನ್ ಮಾಡಿದ್ರೆ ಅವಾದ್ರೂ ಉಳೀತವೆ."

ಊದಣ್ಣ ಪೆಟ್ಟಿಗೆ ತೆರೆದು ಬನಿಯನ್ ಬಿಚ್ಚಿ ಅಚ್ಚು ಅವಳ ಕೈಗಿಟ್ಟ. ದೊಡ್ಡ ಆಸ್ತಿ ಕಾಪಾಡಿಕೊಂಡು ಬಂದವನ ಧಾಟಿಯಲ್ಲಿ, "ಇದನ್ನ ನೋಡ್ಕೊಂಡು ಹೀಗೇ ಮಾಡಿಕೊಡಿ," ಎಂದ.

ಅವಳು ಮೇಲಿನ ಅಚ್ಚು ನೋಡಿ ತಲೆಯಾಡಿಸಿದಳು. ಕೆಳಗಿನದ್ದನ್ನು ತಿರುಗಿಸಿ, ಹಲ್ಲುಗಳ ಹಿಂಬದಿಗೆ, ನಾಲಿಗೆ ತಾಗುವ ಕಡೆಗೆ ಬೆರಳಿಟ್ಟಳು. ಅಲ್ಲಿ ಹಲ್ಲಿನ ಬುಡದುದ್ದಕ್ಕೂ ಸಣ್ಣದೊಂದು ಒರಟು ಏರಿಯಿತ್ತು. "ಇದು ಆಗ್ಲೇ ಕಟ್ಟಿದ್ದ ಕಲ್ಲು. ಅಚ್ಚಲ್ಲೂ ಬಂದಿದೆ. ಯಾವಾಗಿಂದು ಇದು?"

"ಇಪ್ಪತ್ನಾಲ್ಕು ವರ್ಷ ಆಯ್ತು."

"ಇಷ್ಟು ವರ್ಷ ಜೊತೇಲೇ ಇಟ್ಕೊಂಡು ಒಂದು ದಿನವೂ ಹಿಂದೆ ತಿರುಗಿಸಿ ನೋಡಲಿಲ್ವಾ?"

ಊದಣ್ಣ ಗಾರೆಯ ಕಥೆ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. "ಅದು ಗಾರೆ ಅಲ್ಲ, ಯಜಮಾನ್ರೇ. ಗೆದ್ದಲು," ಎಂದು ಕೈಗವಸು ಬಿಚ್ಚಿದಳು.

ನಾಲ್ಕು ಹಲ್ಲು ತೆಗೆದದ್ದು ಹತ್ತು ನಿಮಿಷದ ಕೆಲಸ. ಅವು ಬಂದ ಸುಲಭಕ್ಕೇ ಅವನಿಗೆ ಅವಮಾನವಾಯಿತು. ಅವತ್ತೇ ಪ್ಲೇಟ್ ಹಾಕಿಕೊಟ್ಟರು, ಗಾಯ ಮಾಯುವವರೆಗೆ ಆರು ವಾರ ಊದಬಾರದೆಂದರು. ಬ್ಯಾಂಡ್ ಮಾಸ್ಟರ್ ರಜೆ ಕೊಟ್ಟ. ಅವನು ಊದಣ್ಣನಿಗಿಂತ ಹತ್ತು ವರ್ಷ ಚಿಕ್ಕವನು, ಮರ್ಯಾದೆಯಿಂದಲೇ ಹೇಳಿದ. "ಎರಡು ತಿಂಗಳು ತಗೊಳ್ಳಿ, ಊದಣ್ಣ. ಅಷ್ಟರವರೆಗೆ ನಿಮ್ಮ ಮಗಳು ಮೊದಲ ಕುರ್ಚಿ ನೋಡ್ಕೋತಾಳೆ. ಬಂದ್ಮೇಲೆ ಕೊನೇ ಸ್ವರ ನಿಂತ್ರೆ ಕುರ್ಚಿ ನಿಮ್ದೇ. ನಿಲ್ಲದಿದ್ರೆ ನಿಯಮ ನಿಮಗೇ ಗೊತ್ತಲ್ಲ."

ಊದಣ್ಣನ ಲೆಕ್ಕಾಚಾರ ಸರಳವಾಗಿತ್ತು. ಎರಡು ತಿಂಗಳು ಯಾರ ಕಿವಿಗೂ ಬೀಳಬಾರದು. ಗಾಯ ಮಾಗಿದ ಮೇಲೆ ಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಸಾಧನೆ ಮಾಡಿ, ಸ್ವರ ಗಟ್ಟಿಯಾದ ಮೇಲೇ ಪಾರ್ಕಿಗೆ ಕಾಲಿಡಬೇಕು. ಪ್ಲೇಟ್ ತೆಗೆದ ಬಾಯಿಯನ್ನು ಹೆಂಡತಿಗೂ ತೋರಿಸದೆ ಟವೆಲ್ ಅಡ್ಡ ಹಿಡಿದು ಬಾಯಿ ತೊಳೆಯುತ್ತಿದ್ದ. ಅವಳು ಗಂಜಿಯನ್ನು ಇನ್ನಷ್ಟು ಮೆತ್ತಗೆ ಮಾಡಿದಳು.

ಎರಡನೇ ವಾರದಲ್ಲಿ ಒಂದು ಬೆಳಿಗ್ಗೆ ಅವನು ಬಚ್ಚಲಿಗೆ ಹೋದಾಗ ಮಗಳು ಹಲ್ಲುಜ್ಜಿ ಆಗಷ್ಟೇ ಹೊರಟಿದ್ದಳು. ತೊಟ್ಟಿಯಲ್ಲಿ ನೊರೆ ಕೆಂಪಾಗಿತ್ತು.

"ಏನೇ ಇದು?"

"ಯಾವುದು? ಓ, ಅದಾ. ದಿನಾ ಬರುತ್ತಪ್ಪಾ. ವಸಡು ಗಟ್ಟಿಯಾಗ್ತಿದೆ ಅಂತ ನೀನೇ ಹೇಳಿದ್ಯಲ್ಲ."

ಹೇಳಿದ್ದ. ಯಾವಾಗ ಹೇಳಿದನೋ ನೆನಪಿಲ್ಲ, ಆದರೆ ಮಾತು ತನ್ನದೇ ಎಂದು ಅವನಿಗೆ ಗೊತ್ತಾಯಿತು. ಅವಳು ಬಟ್ಟೆ ಬದಲಿಸಲು ಹೋದಾಗ ಅವಳ ಟ್ರಂಪೆಟ್ ಪೆಟ್ಟಿಗೆ ತೆರೆದು ಹತ್ತಿ ಬಿಚ್ಚಿದ. ಕೆಳಗಿನ ಅಚ್ಚನ್ನು ತಿರುಗಿಸಿ ಹಿಂಬದಿಯಲ್ಲಿ ಬೆರಳಾಡಿಸಿದ. ಅದೇ ಏರಿ, ಅದೇ ಜಾಗ. ತನ್ನ ಅಚ್ಚನ್ನು ತಂದು ಪಕ್ಕದಲ್ಲಿಟ್ಟ. ಮೂಗು ಅಮ್ಮನದು, ಕಿವಿ ಅಪ್ಪನದು ಎಂದು ನೆಂಟರು ಹಂಚಿಕೊಂಡಿದ್ದರಲ್ಲ, ಅವರಾರೂ ಇದನ್ನು ನೋಡಿರಲಿಲ್ಲ. ಹುಟ್ಟಿನಿಂದ ಬಂದದ್ದಾಗಿದ್ದರೆ ಹಣೆಬರಹ ಎನ್ನಬಹುದಿತ್ತು. ಇದನ್ನು ಅವನು ಪಾಠ ಹೇಳಿ ಕಲಿಸಿದ್ದ. ಊದಣ್ಣನಿಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತ.

ಡಾಕ್ಟರಮ್ಮನಲ್ಲಿಗೆ ಮಗಳನ್ನು ಕರೆದೊಯ್ಯುವುದಕ್ಕೇ ಎರಡು ದಿನ ಕಾಡಿ ಬೇಡಬೇಕಾಯಿತು. ಎಲ್ಲ ಪರೀಕ್ಷಿಸಿದ ಡಾಕ್ಟರಮ್ಮ, ಇನ್ನೂ ಹೊತ್ತು ಮೀರಿಲ್ಲ, ಮೂಳೆ ಕರಗಲು ಈಗಷ್ಟೇ ಶುರುವಾಗಿದೆ, ವಾರಕ್ಕೊಂದರಂತೆ ನಾಲ್ಕು ಸಲ ವಸಡಿನ ಒಳಗಿನವರೆಗೂ ಕ್ಲೀನ್ ಮಾಡಬೇಕು, ಆ ಒಂದು ತಿಂಗಳು ಊದುವುದು ಬೇಡ ಎಂದಳು. ಮನೆಗೆ ಬಂದ ಮೇಲೆ ಮಗಳು ಚಪ್ಪಲಿಯನ್ನು ಮೂಲೆಗೆ ಎಸೆದಳು.

"ಒಂದು ತಿಂಗಳು ಊದಬಾರದಂತೆ. ಈಗ ನಾನು ಮೊದಲ ಕುರ್ಚಿಲಿ ಇದೀನಿ, ಅಪ್ಪಾ. ಆಮೇಲೆ ಗಾಳಿ ಸೋರೋ ಸ್ವರ ಇಟ್ಕೊಂಡು ವಾಪಸ್ ಹೋಗ್ಲಾ? ಕ್ಲೀನ್ ಮಾಡಿಸ್ಬೇಡ ಅಂತ ತಲೆಗೆ ತುಂಬಿದ್ದು ಯಾರು?"

"ನಾನೇ."

"ನೀನು ಬಂದ್ಮೇಲೆ ನೋಡೋಣ. ಇಬ್ರಿಗೂ ಒಟ್ಟಿಗೆ ರಜ ಕೊಡಲ್ಲ ಅವ್ರು. ಎರಡು ತಿಂಗಳಲ್ಲಿ ಏನು ಮುಳುಗಿಹೋಗುತ್ತೆ?"

ಎರಡು ತಿಂಗಳಾದ ಮೇಲೆ ಇನ್ನೊಂದು ಭಾನುವಾರ ಬರುತ್ತದೆ, ಅದರ ಮುಂದೆ ಮತ್ತೊಂದು. ಪಾರ್ಕಿನ ಬ್ಯಾಂಡಿಗೆ ಬಿಡುವಿನ ಕಾಲ ಎಂಬುದಿಲ್ಲ. ಇಪ್ಪತ್ತೊಂದು ವರ್ಷ ಅವನೂ ಇದನ್ನೇ ಹೇಳಿಕೊಂಡಿದ್ದ. ಅವನು ಬಾಯಿಗೆ ಬೆರಳು ಹಾಕಿ ಪ್ಲೇಟ್ ಬಿಡಿಸಿ ಮೇಜಿನ ಮೇಲಿಟ್ಟ. ಟವೆಲ್ ಹಿಡಿಯಲಿಲ್ಲ. ಹಲ್ಲಿಲ್ಲದ ಜಾಗ ಕಾಣುವ ಹಾಗೆ ತುಟಿ ಎತ್ತಿ ಅವಳ ಮುಂದೆ ನಿಂತ.

"ನೋಡೇ. ಚೆನ್ನಾಗಿ ನೋಡ್ಕೊ. ನಿಂಗೂ ಇದೇ ಬೇಕಾ?" ಹಲ್ಲಿಲ್ಲದೆ ಮಾತು ನೆಟ್ಟಗೆ ಬರಲಿಲ್ಲ, ಎಂಜಲು ಗದ್ದಕ್ಕಿಳಿಯಿತು. "ಈ ಭಾನುವಾರದಿಂದ ನಾನು ಊದ್ತೀನಿ. ನೀನು ಹಲ್ಲಿನ ಕುರ್ಚಿ ಹತ್ತು."

ಮಗಳು ಮುಖ ಬೇರೆ ಕಡೆ ತಿರುಗಿಸಿದಳು. "ಹಾಕ್ಕೋ ಅಪ್ಪಾ ಅದನ್ನ," ಎಂದಳು. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. "ಆರು ವಾರ ಅಂದಿದ್ರಲ್ಲ ಡಾಕ್ಟ್ರು? ಇನ್ನೂ ಮೂರೂ ಆಗಿಲ್ಲ. ಅದೂ ಅಲ್ದೆ ಈಗ ಹೋಗಿ ಒಡೆದ್ರೆ ನಿಮ್ಮನ್ನ ಹಿಂದಕ್ಕೆ ಹಾಕ್ತಾರಲ್ರೀ," ಎಂದಳು. ಅವನಿಗೆ ಅದು ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಮರುದಿನ ಹೋಗಿ ತನ್ನ ರಜೆ ರದ್ದು ಮಾಡಿಸಿ ಅದನ್ನು ಮಗಳ ಹೆಸರಿಗೆ ಬರೆಸಿ ಬಂದ.

ಆ ಭಾನುವಾರ ಪಾರ್ಕಿನಲ್ಲಿ ಜನ ಎಂದಿನಷ್ಟೇ ಇದ್ದರು. ಮೂರನೇ ಬೆಂಚಿನಲ್ಲಿ ಮಗಳು ಬಾಯಿಗೆ ಕರವಸ್ತ್ರ ಒತ್ತಿ ಕೂತಿದ್ದಳು, ಎರಡು ದಿನದ ಹಿಂದೆ ಅವಳ ಕ್ಲೀನಿಂಗಿನ ಮೊದಲ ಸರದಿ ಆಗಿತ್ತು. ಕೆಳಗಿನ ಸ್ವರಗಳನ್ನು ಊದಣ್ಣ ಹೇಗೋ ತೇಲಿಸಿದ. ಪ್ಲೇಟಿನ ಅಂಚು ಮಾಯದ ಗಾಯಕ್ಕೆ ಒತ್ತಿ ಕಣ್ಣಲ್ಲಿ ನೀರು ಬರುತ್ತಿತ್ತು. ಕೊನೆಯ ಹಾಡು ಬಂತು. ಎಲ್ಲ ವಾದ್ಯ ನಿಂತವು. ಅವನು ಉಸಿರೆಳೆದು ಮೇಲಿನ ಸ್ವರ ಹಿಡಿದ. ಎರಡು ಎಣಿಸುವಷ್ಟು ನಿಂತಿತು. ಆಮೇಲೆ ಪ್ಲೇಟ್ ಜಾರಿತು, ಟ್ರಂಪೆಟ್ಟಿನಿಂದ ಹೋರಿಗರು ಅರಚಿದಂಥ ಸದ್ದು ಬಂತು. ಮತ್ತೆ ಹಿಡಿದ, ಮತ್ತೆ ಒಡೆಯಿತು. ಗೇಟಿನ ಕಾವಲುಗಾರ ಅರ್ಧ ಎದ್ದವನು, ಹಾಕಬೇಕೋ ಬೇಡವೋ ತಿಳಿಯದೆ ಹಾಗೇ ನಿಂತ. ಯಾರೋ ಕಿಸಕ್ಕನೆ ನಕ್ಕರು.

ಉಳಿದ ಮೂರು ಭಾನುವಾರವೂ ಅವನೇ ಊದಿದ, ಮೂರೂ ಸಲ ಒಡೆಯಿತು. ರಜೆಯ ಮೇಲೆ ಮನೆಗೆ ಹೋಗುವುದಿದ್ದರೆ ಹೋಗಿ ಎಂದು ಬ್ಯಾಂಡ್ ಮಾಸ್ಟರ್ ಎರಡು ಸಲ ಹೇಳಿ ನೋಡಿದ. ಇವನು ಸೊಪ್ಪು ಹಾಕಲಿಲ್ಲ. ತಾನು ಎದ್ದರೆ ಮಗಳನ್ನು ಕರೆಸುತ್ತಾರೆಂದು ಅವನಿಗೆ ಗೊತ್ತಿತ್ತು. ನಾಲ್ಕನೇ ಭಾನುವಾರ ಮುಗಿದ ಮರುದಿನ ಬೆಳಿಗ್ಗೆ ಅಭ್ಯಾಸಕ್ಕೆ ಹೋದಾಗ ಅವನ ಕುರ್ಚಿಯ ಮೇಲೆ ಹಿತ್ತಾಳೆ ತಾಳ ಇತ್ತು. ತಾಳದಯ್ಯ ಅದನ್ನು ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದ. "ಕೈ ಸೋಲುತ್ತೆ ಮೊದಮೊದಲು," ಎಂದಷ್ಟೇ ಹೇಳಿ, ಇಷ್ಟು ವರ್ಷಕ್ಕೆ ತನಗೆ ಬಿಡುಗಡೆಯಾಯಿತೆಂದು ಟೋಪಿ ಹಾಕಿಕೊಂಡು ಹೊರಟುಹೋದ.

ಮಗಳು ಮೊದಲ ಕುರ್ಚಿಗೆ ಮರಳಿದ ಭಾನುವಾರ ಕೊನೆಯ ಸ್ವರದ ಪಕ್ಕದಲ್ಲಿ ಸುಸ್ ಎಂದು ಗಾಳಿ ಕೇಳಿತು. ಊದಣ್ಣನಿಗೆ ಆ ಸದ್ದಿನ ಗುರುತಿತ್ತು. ಅವಳು ಇಳಿದು ಹೋಗುವಾಗ ಅವನ ಕಡೆ ನೋಡಲೇ ಇಲ್ಲ. ಆ ವಾರ ಇಬ್ಬರೂ ಎದುರುಬದುರು ಕೂತು ಊಟ ಮಾಡಿದರೂ ಅವಳ ಕಣ್ಣು ತಟ್ಟೆ ಬಿಟ್ಟು ಮೇಲೇಳಲಿಲ್ಲ.

ಎರಡನೇ ಭಾನುವಾರ ಅವಳು ಸ್ವರ ಹಿಡಿದಳು. ಊದಣ್ಣ ಹಿಂದಿನ ಸಾಲಿನಲ್ಲಿ ತಾಳ ಹಿಡಿದು ಕಿವಿಯಾಗಿ ನಿಂತಿದ್ದ. ಗಾಳಿಯಿಲ್ಲ. ಮತ್ತೂ ಕೇಳಿದ. ಇಲ್ಲ. ಅವಳ ಹಲ್ಲಿನ ಮೇಲೆ ಒಂದು ಹರಳು ಕಲ್ಲಿಲ್ಲ, ಡಾಕ್ಟರಮ್ಮ ಮೊನ್ನೆಯಷ್ಟೇ ಕನ್ನಡಿ ಹಿಡಿದು ತೋರಿಸಿದ್ದಳು. ತುಟಿ ನಾಲಿಗೆ ಹೊಸ ಸಂದಿಗೆ ಹೊಂದಿಕೊಳ್ಳಲು ಹದಿನೈದು ದಿನ ಹಿಡಿಯುತ್ತದೆ, ಅಷ್ಟೇ. ಅವನಿಗೂ ಆಗ ಹದಿನೈದೇ ದಿನ ಹಿಡಿದಿತ್ತು. ಕಲ್ಲು ಕಟ್ಟಿಕೊಂಡದ್ದಕ್ಕೆ ಸರಿಹೋದದ್ದಲ್ಲ, ಸುಮ್ಮನೆ ಸರಿಹೋಗಿತ್ತು. ಎರಡು ಭಾನುವಾರಕ್ಕೆ ಹೆದರಿ ಇಪ್ಪತ್ತೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದನಲ್ಲ ಎಂದುಕೊಂಡ.

ಸ್ವರ ಮುಗಿಯಿತು. ಅದರ ಹಿಂದೆಯೇ ಬರಬೇಕಿದ್ದ ತಾಳ ಬರಲಿಲ್ಲ. ಬ್ಯಾಂಡ್ ಮಾಸ್ಟರ್ ಕೈ ಎತ್ತಿ ಹಿಡಿದೇ ನಿಂತಿದ್ದ. ಮಗಳು ಕುರ್ಚಿಯಲ್ಲೇ ತಿರುಗಿ, ಎಷ್ಟೋ ದಿನದ ಮೇಲೆ ಅಪ್ಪನ ಮುಖ ನೋಡಿದಳು.

"ಹೊಡಿ ಅಪ್ಪಾ," ಎಂದಳು.